ಹದಿನೆಂಟು ಕಿಲೋಮೀಟರ್ ಸುತ್ತು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವರು ಹಳ್ಳಿಮೈಸೂರಿನ ಪುಟ್ಟರಾಜುವಿನ ಮನೆಯಲ್ಲಿ ಒಂದು ದಿನವೂ ಉಂಡವರಲ್ಲ. ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಆರು ವರ್ಷವಾಗಿತ್ತು. ಬೋರು ಕೊರೆಸಬೇಕೆಂದು ಪುಟ್ಟರಾಜು ಹೆಂಡತಿ ರೂಪಶ್ರೀಯ ತವರಿನ ಸರವನ್ನು ಅವಳನ್ನು ಕೇಳದೆ ಮಾರಿದ್ದ. ಬೋರಿನಲ್ಲಿ ಬಂದದ್ದು ಬರೀ ದೂಳು. "ಇನ್ ನಿಮ್ ಜೊತೆ ನಂಗೆ ಮಾತಿಲ್ಲ" ಅಂದ ರೂಪಶ್ರೀ, ಹೇಳಿದಂತೆ ನಡೆದುಕೊಂಡಳು. ಹಾಗಂತ ಸಂಸಾರವೇನೂ ನಿಲ್ಲಲಿಲ್ಲ. ಬೇಯಿಸಿದರು, ಉಂಡರು, ಶುಂಠಿ ಹಾಕಿದರು, ಕಿತ್ತರು, ಮಗಳು ಆಶಾರಾಣಿಯನ್ನು ಪಿಯುಸಿ ತನಕ ಓದಿಸಿದರು. ಇಷ್ಟೆಲ್ಲ ಹೇಗೆ ನಡೆಯಿತು ಅಂದರೆ, ಇಬ್ಬರ ನಡುವೆ ಶಿವಗಂಗಮ್ಮ ಇದ್ದಳು.

ಶಿವಗಂಗಮ್ಮ ಪುಟ್ಟರಾಜುವಿನ ಅಕ್ಕ. ಈಗ ಐವತ್ತೈದು ವರ್ಷ. ಇಪ್ಪತ್ತೆರಡಕ್ಕೆ ಗಂಡ ತೀರಿಕೊಂಡಾಗ ಅರಕಲಗೂಡಿನ ಕಡೆಯ ಅತ್ತೆಮನೆಯಿಂದ ಒಂದು ಕಬ್ಬಿಣದ ಟ್ರಂಕು, ಒಂದು ರಾಗಿ ಬೀಸುವ ಕಲ್ಲು ಇಟ್ಟುಕೊಂಡು ಎತ್ತಿನ ಗಾಡಿಯಲ್ಲಿ ತವರಿಗೆ ಬಂದಿಳಿದಿದ್ದಳು. ಆಗ ಪುಟ್ಟರಾಜುವಿಗೆ ಹನ್ನೆರಡು, ಕಿರಿಯವನು ಅರುಣ್‌ಕುಮಾರನಿಗೆ ಆರು. ತಾಯಿ ಇರಲಿಲ್ಲ. ಇಬ್ಬರಿಗೂ ತಲೆ ಬಾಚಿ, ಮುದ್ದೆ ತಟ್ಟಿ, ಮದುವೆ ಮಾಡಿ, ಆಮೇಲೆ ಮನೆಯಲ್ಲಿ ತನ್ನದು ಅನ್ನುವ ಕೆಲಸ ಇನ್ನೇನಿದೆ ಅಂತ ಯೋಚಿಸುವ ಹೊತ್ತಿಗೆ ಗಂಡ ಹೆಂಡತಿ ಮಾತು ಬಿಟ್ಟರು. ಹೊಸ ಕೆಲಸ ಸಿಕ್ಕಿತು.

"ಅಕ್ಕ, ಸಾರಿಗೆ ಉಪ್ಪಿಲ್ಲ ಅಂತ ಯೋಳು."

"ರೂಪ, ಉಪ್ಪು ಕಮ್ಮಿಯಂತೆ."

"ನಾಲ್ಗೆ ಸತ್ತೋಗಿರ್ಬೇಕು ಅಂತ ಯೋಳಿ ಅಕ್ಕ."

ಇಂಥದ್ದನ್ನು ಶಿವಗಂಗಮ್ಮ ಇದ್ದ ಹಾಗೆ ದಾಟಿಸುತ್ತಿರಲಿಲ್ಲ. "ಆಕ್ಕೊಡ್ತಾಳಂತೆ, ಇರು" ಅಂದು ಉಪ್ಪಿನ ಡಬ್ಬಿಯನ್ನು ತಾನೇ ತರುತ್ತಿದ್ದಳು. ಮೂರು ಅಡಿ ದೂರದಲ್ಲಿ ಕೂತವರಿಗೆ ಎಲ್ಲ ಕೇಳಿಸಿರುತ್ತಿತ್ತು. ಆದರೂ ಅಕ್ಕನ ಬಾಯಿಂದ ಬಂದ ಮೇಲೇ ಅದು ಮಾತು. ಮೊದಮೊದಲು ಅವಳಿಗೆ ಇದು ನಾಚಿಕೆಗೇಡು ಅನಿಸಿತ್ತು. ಬರಬರುತ್ತಾ, ನಿಜ ಹೇಳಬೇಕೆಂದರೆ, ಅದರ ಮೇಲೆ ಅವಳಿಗೆ ಆಸೆಯೇ ಹುಟ್ಟಿತು. ದಿನಕ್ಕೆ ಹತ್ತು ಸಲ ಇಬ್ಬರೂ ಅಕ್ಕಾ ಅಂತ ಕರೆಯುತ್ತಿದ್ದರಲ್ಲ.

ಶಿವರಾತ್ರಿ ಕಳೆದ ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಪುಟ್ಟರಾಜು ಸುದ್ದಿ ತೆಗೆದ.

"ಅಕ್ಕ, ಈ ಸಲ ಶುಂಠಿ ಹಾನಗಲ್ ಕಡೆ. ಆರೆಕ್ರೆ ಮಾತಾಡ್ಕಂಡು ಬಂದಿವ್ನಿ. ಇನ್ ಮೂರು ವಾರಕ್ಕೆ ಒರಡಾದು, ಮೂರು ವರ್ಷ ಅಲ್ಲೇ ಇರಾದು."

ಶುಂಠಿಯವರ ಪಾಡೇ ಅಂಥದ್ದು. ಒಂದು ಸಲ ಕಿತ್ತ ನೆಲಕ್ಕೆ ಮರುವರ್ಷವೇ ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಅದಕ್ಕೇ ಹತ್ತಿರದ ನೆಲ ಮುಗಿದವರು ದೂರದ ನೆಲ ಹುಡುಕಿ, ಕಂಡವರ ಹೊಲ ಗುತ್ತಿಗೆ ಹಿಡಿದು, ಮಧ್ಯದಲ್ಲಿ ಒಂದು ಶೀಟಿನ ಶೆಡ್ಡು ಹಾಕಿಕೊಂಡು ಸಂಸಾರ ಹೂಡುತ್ತಾರೆ. ವರ್ಷಕ್ಕೆ ಎರಡೆಕರೆಯಂತೆ ಮೂರು ವರ್ಷ. ಹಳ್ಳಿಮೈಸೂರಿನ ಸುತ್ತ ಪುಟ್ಟರಾಜು ಕಾಲಿಡದ ಹೊಲ ಉಳಿದಿರಲಿಲ್ಲ.

"ಈ ಮನೆ?" ಅಂದಳು ಶಿವಗಂಗಮ್ಮ.

"ಭೋಗ್ಯಕ್ಕೆ. ಮಂಜುನಾಥ ಮೇಷ್ಟ್ರು ಕೇಳ್ತಾವ್ರೆ. ಆ ದುಡ್ಡೇ ಗುತ್ತಿಗೆಗೆ."

"ಆಶಾ?"

"ಹಾಸನದಾಗೆ ಹಾಸ್ಟ್ಲಿಗೆ ಸೇರ್ಸಾದು."

ಮೂರನೆಯ ಪ್ರಶ್ನೆ, ತನ್ನ ವಿಷಯದ್ದು, ಅವಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿದಳು. ಕೇಳಿ, ಅವನು ಇಲ್ಲ ಅಂದುಬಿಟ್ಟರೆ ಅದು ಅಲ್ಲಿಗೇ ಮುಗಿಯುತ್ತದೆ. ಕೇಳದಿದ್ದರೆ ಇನ್ನೂ ಮೂರು ವಾರ ಕೈಯಲ್ಲಿರುತ್ತದೆ. ಮೂವತ್ತಮೂರು ವರ್ಷ ತಮ್ಮನ ಮನೆಯಲ್ಲಿ ಉಂಡವಳಿಗೆ ಇಷ್ಟು ಲೆಕ್ಕ ತಾನಾಗಿಯೇ ಬರುತ್ತದೆ.

"ರೂಪಂಗೆ ಯೋಳ್ಬುಡು" ಅಂದು ಅವನು ಕೈ ತೊಳೆದ. ರೂಪಶ್ರೀ ಒಲೆಯ ಮುಂದೆಯೇ ಕೂತಿದ್ದಳು.

ಅವತ್ತು ಇಡೀ ದಿನ ಶಿವಗಂಗಮ್ಮ ತನಗೆ ತಾನೇ ಒಂದು ಮಾತು ಹೇಳಿಕೊಂಡಳು. ಹೋಗುವವರು ಗಂಡ ಹೆಂಡತಿ ಇಬ್ಬರೇ. ಮುನ್ನೂರು ಕಿಲೋಮೀಟರ್ ಆಚೆ, ಸುತ್ತ ಒಂದು ಮನೆಯಿಲ್ಲದ ಹೊಲ. ತಾನಿಲ್ಲದಿದ್ದರೆ ಇವರು ಒಬ್ಬರಿಗೊಬ್ಬರು ಉಪ್ಪು ಕೇಳುವುದಾದರೂ ಹೇಗೆ? ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅಂತಾರೆ. ಅವಳಿಗೆ ತಮ್ಮನ ಮನೆಯ ಜಗಳ ಆಸರೆಯಾಯಿತು. ಅದು ಹೇಳಿಕೊಳ್ಳುವಂಥ ಯೋಚನೆಯಲ್ಲ ಅಂತ ಅವಳಿಗೂ ಗೊತ್ತಿತ್ತು.

ಮಾರನೆಯ ದಿನದಿಂದ ಮನೆಯಲ್ಲಿ ಸಾಮಾನು ಸಾಗಿಸುವ ಬಾಡಿಗೆಯದ್ದೇ ಮಾತು. ಪುಟ್ಟರಾಜು ಟ್ರ್ಯಾಕ್ಟರನ್ನು ಎರಡು ವರ್ಷದ ಹಿಂದೆ ಮಾರಿದ್ದ. ಟ್ರೇಲರು ಮಾತ್ರ ಉಳಿದು ಹಿತ್ತಿಲಲ್ಲಿ ಮೂತಿ ಊರಿ ನಿಂತಿತ್ತು. ಅಲ್ಲಿ ಗೊಬ್ಬರಕ್ಕೆ, ಶುಂಠಿ ಹೊರಲಿಕ್ಕೆ ಅದು ಬೇಕೇ ಬೇಕು. ಅದಕ್ಕೆ ಮನೆ ಸಾಮಾನು ತುಂಬಿ ಯಾರದಾದರೂ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹೋಗುವುದೋ, ಸಾಮಾನನ್ನು ಲಾರಿಗೆ ಹಾಕಿ ಟ್ರೇಲರನ್ನು ಮಾರುವುದೋ ಅನ್ನುವುದು ತೀರ್ಮಾನವಾಗಬೇಕಿತ್ತು.

ಹಾಸನದ ಲಾರಿಯವನು ಮೂವತ್ತು ಸಾವಿರ ಕೇಳಿದ.

"ಟ್ರೇಲರು ಮಾರ್ಬುಟ್ಟು ಲಾರಿಗಾಕಿ, ಅಲ್ಲೇ ಒಂದು ತಕ್ಕಳ್ಳಿ ಅಂತ ನಿಮ್ ತಮ್ಮಂಗೆ ಯೋಳಿ ಅಕ್ಕ" ಅಂದಳು ರೂಪಶ್ರೀ, ಅವರೆಕಾಯಿ ಸುಲಿಯುತ್ತಾ.

"ಪುಟ್ಟ, ಮಾರಿದ್ರೆ ಎಂಗೆ ಅಂತಾಳೆ."

"ಇಲ್ಲಿ ಇದಕ್ಕೆ ನಲವತ್ತು ಸಾವ್ರ ಕೊಟ್ರೆ ಎಚ್ಚು. ಅಲ್ಲಿ ಒಸದು ಎರಡು ಲಕ್ಷ. ಇವರಪ್ಪ ಕೊಡ್ತಾನಾ ಕೇಳು."

"ಅದು ದುಬಾರಿ ಆಯ್ತದಂತೆ ರೂಪ."

"ಅಪ್ಪನ ಸುದ್ದಿ ಯಾಕೆ ಅಂತ ಕೇಳಿ ಅಕ್ಕ. ಅಪ್ಪ ಕೊಟ್ಟ ಸರ ಎಲ್ಲೋಯ್ತು ಅಂತ್ಲೂ ಕೇಳಿ."

ಶಿವಗಂಗಮ್ಮ ಅವರೆಕಾಯಿಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. "ಯೋಚ್ನೆ ಮಾಡಿ ಅಂತಾಳೆ ಕಣಪ್ಪ" ಅಂದಳು.

ಅರಕಲಗೂಡಿನ ಚಂದ್ರಯ್ಯ ಟ್ರ್ಯಾಕ್ಟರಿಗೆ ಕಿಲೋಮೀಟರಿಗೆ ನಲವತ್ತು ಅಂದ. ಸಾಧುವಾಗಿ ಕಂಡಿತು. ಆಮೇಲೆ ನೋಡಿದರೆ ಹೋಗುವುದಕ್ಕೂ ನಲವತ್ತು, ಖಾಲಿ ಬರುವುದಕ್ಕೂ ನಲವತ್ತು, ಡ್ರೈವರನ ಎರಡು ದಿನದ ಊಟ, ಬಾಟಾ ಬೇರೆ. ಲಾರಿಗೂ ಅದಕ್ಕೂ ಹೆಚ್ಚು ಅಂತರ ಉಳಿಯಲಿಲ್ಲ. ಕೊನೆಗೆ ಸಿಕ್ಕವನು ಹಿರೀಸಾವೆಯ ತಮ್ಮಯ್ಯ. ಅವನು ಹಾವೇರಿ ಕಡೆ ಒಂದು ಹಳೇ ಒಕ್ಕಣೆ ಮಿಷನ್ನು ಕೊಂಡಿದ್ದ. ಅದನ್ನು ಎಳೆದು ತರಲು ಅವನ ಟ್ರ್ಯಾಕ್ಟರು ಹೇಗೂ ಆ ಕಡೆ ಹೋಗಬೇಕಿತ್ತು. ಒಂದು ಬೆಳಿಗ್ಗೆ ಬಂದು ಟ್ರೇಲರಿನ ಟೈರುಗಳನ್ನು ಒದ್ದು ನೋಡಿ, ಜಗಲಿಯ ಮೇಲೆ ಕೂತ. ಶಿವಗಂಗಮ್ಮ ಕಾಫಿ ತಂದುಕೊಟ್ಟಳು.

"ಓಗಾದಕ್ಕೆ ಮಾತ್ರ ಕೊಡಿ, ಅದಿನೆಂಟು ಸಾವ್ರ" ಅಂದ ತಮ್ಮಯ್ಯ. "ಮೂರು ಟನ್ನಿಗಿಂತ ಮೇಲೋದ್ರೆ ಕ್ವಿಂಟಾಲಿಗೆ ಮುನ್ನೂರು. ನರಸೀಪುರದ ವೇಬ್ರಿಡ್ಜಿನಾಗೆ ತೂಗಿಸಿ ಒರಡಾದು, ಆಮೇಲೆ ಮಾತಿರಬಾರದು. ದಾರಿ ನೆಟ್ಟಗೆ ಹಾಸನ, ಅರಸೀಕೆರೆ. ಅಲ್ಲಿ ಇಲ್ಲಿ ಸುತ್ತಾಕ್ಸಿದ್ರೆ ಕಿಲೋಮೀಟ್ರಿಗೆ ಐವತ್ತು ಬೇರೆ."

"ಸುತ್ತು ಯಾಕೆ ಬಿಡಿ" ಅಂದಳು ಶಿವಗಂಗಮ್ಮ. ಹದಿನೆಂಟು ಸಾವಿರ ಕೇಳಿ ಅವಳಿಗೆ ಸಂತೋಷವಾಗಿತ್ತು. ಉಳಿದದ್ದರಲ್ಲಿ ಶೆಡ್ಡಿಗೆ ಒಂದು ಒಳ್ಳೆಯ ಬಾಗಿಲು ಹಾಕಿಸಬಹುದು ಅಂದುಕೊಂಡಳು.

ಮೂರು ಟನ್ನಿನ ಮಾತು ಬಂದದ್ದೇ, ಮನೆಯಲ್ಲಿ ಪ್ರತಿಯೊಂದಕ್ಕೂ ತೂಕ ಬಂತು. ಆಶಾರಾಣಿ ಒಂದು ನೋಟುಬುಕ್ಕು ಹಿಡಿದು ಕೋಣೆಯಿಂದ ಕೋಣೆಗೆ ತಿರುಗಿದಳು. ಅವಳ ಅಮ್ಮ ಹೇಳುವುದು, ಇವಳು ಬರೆಯುವುದು. ಸಂಜೆ ಅಂಗಳದಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದಳು.

"ಪೈಪು ನೂರಿಪ್ಪತ್ತು, ನೀರು ಚಿಮ್ಸೋ ಜೆಟ್ಟು ನಲವತ್ತು, ಮೋಟ್ರು ಒಂದು, ಬಿತ್ತನೆ ಶುಂಠಿ ಇಪ್ಪತ್ತು ಮೂಟೆ. ರಾಗಿ ಮೂರು ಮೂಟೆ. ಗ್ಯಾಸು ಒಂದು, ಒಲೆ ಒಂದು, ಗ್ರೈಂಡರು ಒಂದು. ಬೀರು ಬ್ಯಾಡ. ಟೀವಿ ಒಂದು. ಮಂಚ ಎರಡು."

ಮನೆಯಲ್ಲಿದ್ದದ್ದು ಮೂರು ಮಂಚ. ಶಿವಗಂಗಮ್ಮ ಬೆರಳು ಮಡಿಸಿ ನೋಡಿದಳು. ಗಂಡ ಹೆಂಡತಿ ಮಾತು ಬಿಟ್ಟ ಮೇಲೆ ಬೇರೆ ಬೇರೆ ಮಾಡಿಕೊಂಡದ್ದು ಎರಡು. ಮೂರನೆಯದು ಅಡುಗೆಮನೆಯ ಪಕ್ಕದ ಗೂಡಿನಂಥ ಕೋಣೆಯಲ್ಲಿದ್ದ ತನ್ನದು. ಆಶಾ ತನ್ನ ಅಜ್ಜನ ಕಾಲದ ಚಾಪೆಯಲ್ಲಿ ಮಲಗುವವಳು.

"ಅತ್ತೆ, ಏನಾದ್ರೂ ಬಿಟ್ಟೋಯ್ತಾ?"

"ಇಲ್ಲ ಕಣವ್ವ. ಎಲ್ಲಾ ಬಂದೈತೆ."

ಮಂಚ ಭಾರ, ಮತ್ತಿಯ ಮರದ್ದು, ಅದಕ್ಕೇ ಬಿಟ್ಟಿರಬೇಕು ಅಂತ ಅವಳು ಸಮಾಧಾನ ತಂದುಕೊಂಡಳು. ಚಾಪೆಯಾದರೆ ಚಾಪೆ. ಆ ಸಂಜೆ ಮುದ್ದೆಗೆ ನೀರು ಹೆಚ್ಚಾಯಿತು. ಇಬ್ಬರೂ ಏನೂ ಅನ್ನದೆ ಉಂಡದ್ದು ಕಂಡೇ ಅವಳಿಗೆ ಹೆಚ್ಚು ಭಯವಾಯಿತು.

ಆ ಭಾನುವಾರ ಅರುಣ್‌ಕುಮಾರ ಬಂದ. ಅವನಿಗೆ ಚನ್ನರಾಯಪಟ್ಟಣದಲ್ಲಿ ಮೋಟಾರು ರಿಪೇರಿ ಅಂಗಡಿ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಅವಳಿ ಮಕ್ಕಳಿಗೆ ನಾಲ್ಕು ವರ್ಷ. ಅಣ್ಣ ತಮ್ಮ ಹಿತ್ತಿಲಲ್ಲಿ ಟ್ರೇಲರಿಗೆ ಒರಗಿ ಬಹಳ ಹೊತ್ತು ಮಾತಾಡಿದರು. ಶಿವಗಂಗಮ್ಮ ಕೋಳಿ ಸಾರು ಮಾಡಿ ಬಡಿಸಿದಳು. ಉಣ್ಣುತ್ತಾ ಅವನು ಅಕ್ಕನ ಮುಖವನ್ನೇ ಎರಡು ಸಲ ನೋಡಿದ.

"ಅಕ್ಕ, ನಿಂಗೆ ಫ್ಯಾನಿನ ಗಾಳಿ ಆಯ್ತದಾ?"

"ಯಾಕ್ಲಾ?"

"ಸುಮ್ಕೆ ಕೇಳ್ದೆ. ಕೆಲವ್ರಿಗೆ ಮಂಡಿ ಇಡ್ಕತದೆ."

"ಅಲ್ಲಿ ಶೆಡ್ಡಿನಾಗೆ ಕರೆಂಟೇ ಇರ್ತದೋ ಇಲ್ವೋ. ಫ್ಯಾನೆಲ್ಲಿ ಬತ್ತದೆ."

ಅರುಣ ಅಣ್ಣನ ಕಡೆ ನೋಡಿದ. ಪುಟ್ಟರಾಜು ಮೂಳೆ ಚೀಪುತ್ತಿದ್ದ. ಶಿವಗಂಗಮ್ಮ ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು. ಶೆಡ್ಡು ಅಂದಾಗ ಯಾರೂ ಇಲ್ಲ ಅನ್ನಲಿಲ್ಲವಲ್ಲ ಅನ್ನುವುದನ್ನೇ ಮನಸ್ಸಿನಲ್ಲಿ ಹಿಡಿದುಕೊಂಡಳು.

ಮಾರನೆಯ ದಿನದಿಂದ ಅವಳು ತನ್ನ ತೂಕ ಇಳಿಸಲು ನಿಂತಳು. ಇದನ್ನು ಯಾರೂ ಹೇಳಿಕೊಡಲಿಲ್ಲ. ಮೊದಲು ಬೀಸುವ ಕಲ್ಲು. ಮಿಲ್ಲು ಬಂದ ಮೇಲೆ ಅದರಲ್ಲಿ ಬೀಸಿದ್ದು ಕಮ್ಮಿ. ಆದರೂ ಹಬ್ಬಕ್ಕೊಮ್ಮೆ ತೊಳೆದು ಅರಿಶಿನ ಇಡುತ್ತಿದ್ದಳು. ಪಕ್ಕದ ಮನೆಯ ಸುಂದರಮ್ಮನಿಗೆ ಅದನ್ನು ಉರುಳಿಸಿಕೊಟ್ಟಳು. ಸುಂದರಮ್ಮ ಪಾಠ ಹೇಳಿ ನಿವೃತ್ತಿಯಾದವರು, ಮಾತು ಒಪ್ಪ.

"ನಿಮ್ಮ ತಾಯಿ ಮದುವೇಲಿ ಕೊಟ್ಟ ಕಲ್ಲಲ್ವೇನ್ರಿ ಇದು? ಇರಲಿ ಬಿಡಿ, ನೀವು ತಿರುಗಿ ಬರೋವರೆಗೆ ನಾನಿಟ್ಟುಕೊಂಡಿರ್ತೀನಿ. ನೀವೂ ಜೊತೆಗೇ ಹೋಗ್ತಾ ಇದ್ದೀರಿ ತಾನೇ?"

"ಊಂ ಮತ್ತೆ. ನಾನಿಲ್ದಿದ್ರೆ ಅವ್ರಿಗೆ ಅನ್ನ ಬೇಯಕಿಲ್ಲ" ಅಂದಳು ಶಿವಗಂಗಮ್ಮ. ಅಷ್ಟು ನಿರಾಳವಾಗಿ ಸುಳ್ಳು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಅಥವಾ ಅದು ಸುಳ್ಳು ಅಂತ ತಾನು ಯಾಕೆ ಅಂದುಕೊಳ್ಳಬೇಕು ಅಂತ ಮನೆಗೆ ಬರುತ್ತಾ ಯೋಚಿಸಿದಳು.

ಆಮೇಲೆ ಟ್ರಂಕು. ಅದನ್ನು ಗುಜರಿಯವನು ನೂರಾ ನಲವತ್ತಕ್ಕೆ ಒಯ್ದ. ಒಳಗಿದ್ದ ನಾಲ್ಕು ಸೀರೆ, ಗಂಡನ ಒಂದು ಫೋಟೊ, ಆಧಾರ್ ಕಾರ್ಡು, ಒಂದು ಹೊದಿಕೆ ಎಲ್ಲ ಜವಳಿ ಅಂಗಡಿಯ ಒಂದು ಕೈಚೀಲಕ್ಕೆ ಹಿಡಿದವು. ಮಂಚವನ್ನು, ಮನೆ ನೋಡಲು ಬಂದ ಮಂಜುನಾಥ ಮೇಷ್ಟರ ಹೆಂಡತಿಗೆ ಬಿಟ್ಟುಕೊಟ್ಟಳು. ಆಶಾ ಹೊರಗಿಂದ ಬಂದವಳು ಖಾಲಿ ಕೋಣೆ ನೋಡಿ ನಿಂತಳು.

"ಅತ್ತೆ, ಮಂಚ ಯಾಕ್ ಕೊಟ್ರಿ? ಟ್ರಂಕೂ ಇಲ್ಲ?"

"ಮೂರು ಟನ್ನು ಅಂದವ್ನಲ್ಲ. ಮೇಲೋದ್ರೆ ದುಡ್ಡು."

"ನಿಮ್ದೇನು ಮಹಾ ತೂಕ ಅತ್ತೆ?"

"ಅದೇ ಮತ್ತೆ" ಅಂದಳು ಶಿವಗಂಗಮ್ಮ. ಆಶಾಳಿಗೆ ಏನೋ ಹೇಳಬೇಕೆನಿಸಿತು. ಹುಡುಗಿ ಅಮ್ಮನನ್ನು ಹುಡುಕಿಕೊಂಡು ಹೋದಳು. ಆ ಮನೆಯಲ್ಲಿ ದೊಡ್ಡವರ ಮಾತನ್ನು ಚಿಕ್ಕವರು ಹೇಳುವಂತಿರಲಿಲ್ಲ.

ಹೊರಡುವ ಹಿಂದಿನ ದಿನ ಆಶಾಳನ್ನು ಹಾಸನಕ್ಕೆ ಬಿಟ್ಟು ಬಂದರು. ಮಾರನೆಯ ಬೆಳಿಗ್ಗೆ ಆರಕ್ಕೆ ತಮ್ಮಯ್ಯ ಟ್ರ್ಯಾಕ್ಟರು ತಂದು ಟ್ರೇಲರಿಗೆ ಕೊಂಡಿ ಹಾಕಿದ. ಅಕ್ಕಪಕ್ಕದವರು ಕೈಕೊಟ್ಟು ಸಾಮಾನು ಹೇರಿದರು. ಪೈಪು ಕೆಳಗೆ, ಮೂಟೆ ಮೇಲೆ, ಮಂಚ ಎರಡೂ ಮಗುಚಿ ಪಕ್ಕಕ್ಕೆ. ಖಾಲಿಯಾದ ಮನೆಯನ್ನು ಶಿವಗಂಗಮ್ಮ ಗುಡಿಸಿ, ಹೊಸ್ತಿಲು ತೊಳೆದು, ರಂಗೋಲಿ ಎಳೆದು, ಬೀಗದ ಕೈಯನ್ನು ಮೇಷ್ಟರಿಗೆ ಕೊಟ್ಟಳು. ದಾರಿಗೆ ಬುತ್ತಿ ಕಟ್ಟಿದ್ದಳು: ಮೂರು ಜನಕ್ಕೆ ಎರಡು ದಿನಕ್ಕಾಗುವಷ್ಟು ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಬಾಕ್ಸು ಮೊಸರನ್ನ.

"ಅತ್ತು ಅಕ್ಕ" ಅಂದ ಪುಟ್ಟರಾಜು, ಟ್ರೇಲರಿನ ಕಡೆ ಕೈ ತೋರಿಸಿ.

ಆ ಎರಡು ಮಾತಿಗೆ ಅವಳ ಎದೆಯಿಂದ ಮೂರು ವಾರದ ಕಲ್ಲು ಇಳಿಯಿತು. ಚೀಲ ಹಿಡಿದು ಹತ್ತಿ ರಾಗಿಮೂಟೆಯ ಮೇಲೆ ಕೂತಳು. ಎದುರಿಗೆ ರೂಪಶ್ರೀ, ಹಿಂದುಗಡೆ ಪುಟ್ಟರಾಜು, ನಡುವೆ ಅವಳು. ಊರು ದಾಟುವಾಗ ಸುಂದರಮ್ಮ ಕೈಬೀಸಿದರು. ಶಿವಗಂಗಮ್ಮ ಮದುಮಗಳಂತೆ ಸೆರಗು ಹೊದ್ದು, ಕಣ್ಣು ತುಂಬಿಕೊಂಡು ತಾನೂ ಬೀಸಿದಳು. ಅಷ್ಟು ಹಗುರ ಅವಳಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಹೊಳೆನರಸೀಪುರದ ಹೊರಗೆ ವೇಬ್ರಿಡ್ಜು. ಟ್ರೇಲರು ಅದರ ಕಬ್ಬಿಣದ ಹಾಸಿನ ಮೇಲೆ ನಿಂತಿತು. ಗೂಡಿನೊಳಗಿದ್ದವನು ಕಿಟಕಿಯಿಂದ ತೂಕ ಕೂಗಿದ. ಟ್ರೇಲರಿನ ತೂಕ ಕಳೆದು ಮೂರು ಟನ್ನು, ಮೇಲೆ ನೂರು ಕೇಜಿ.

"ಜನ ಸೇರಿ ಅಲ್ವ ಅದು" ಅಂದ ಪುಟ್ಟರಾಜು.

"ಆಯ್ತು ಬಿಡಿ, ಜನ ಕಳ್ದ್ರೆ ಮೂರ್ರಾಗೇ ಬತ್ತದೆ" ಅಂದ ತಮ್ಮಯ್ಯ ಕೆಳಗಿಳಿದು. "ನೀವಿಬ್ರೂ ಅಲ್ಲೀಗಂಟ ಬರೋರು, ಆದ್ರೂ ಇಡಕಿಲ್ಲ. ಅಕ್ಕನ ತೂಕ ಲೆಕ್ಕಕ್ಕೇ ಇಲ್ಲ, ಅವರು ಪಟ್ಟಣದಾಗೆ ಇಳೀತಾರಲ್ಲ. ಆ ಸುತ್ತಿಂದು ಮಾತ್ರ ಕೊಟ್ಬುಡಿ. ಚನ್ನರಾಯಪಟ್ಟಣದ ಮೇಲಾಸಿ ಓದ್ರೆ ಅದಿನೆಂಟು ಕಿಲೋಮೀಟ್ರು ಸುತ್ತು. ಐವತ್ರಂಗೆ ಒಂಬೈನೂರು."

ಶಿವಗಂಗಮ್ಮ ರಾಗಿಮೂಟೆಯ ಮೇಲೆ ಕೂತೇ ಇದ್ದಳು. ತಮ್ಮಯ್ಯ ಹೇಳಿದ್ದು ಬೇರೆ ಯಾರ ಅಕ್ಕನ ವಿಷಯವೋ ಅನ್ನುವಂತೆ ಮೊದಲು ಕೇಳಿಸಿತು.

"ಯಾರು ಇಳಿಯಾದು?" ಅಂದಳು.

ಪುಟ್ಟರಾಜು ತಿರುಗಿ ನೋಡಿದ. "ನೀನೇ ಕಣಕ್ಕ. ಅರುಣನ ಮನೇಲಿ. ಮಕ್ಳು ನೋಡ್ಕಳಾಕೆ ಜನ ಇಲ್ಲ ಅಂತ ಅವ್ನು ಕೇಳ್ದ. ಶೆಡ್ಡಿನಾಗೆ ಒಂದೇ ರೂಮು. ನಿಂಗೆ ಗೊತ್ತಿಲ್ವ? ರೂಪ ಯೋಳ್ನಿಲ್ವ?"

"ನಾನ್ಯಾಕೆ ಯೋಳ್ಲಿ ಅಕ್ಕ" ಅಂದಳು ರೂಪಶ್ರೀ, ತಲೆ ತಗ್ಗಿಸಿ. "ನಿಮ್ ತಮ್ಮ ಯೋಳವ್ರೆ ಅಂದ್ಕಂಡಿದ್ದೆ."

"ಕೇಳಕ್ಕ ಅವ್ಳನ್ನ. ಇಂಥದ್ದು ಎಂಗಸ್ರು ತಾನೇ ಯೋಳಾದು."

"ಒಡಹುಟ್ಟಿದೋರು ಯಾರು ಅಂತ ಕೇಳಿ ಅಕ್ಕ."

ಅಲ್ಲೂ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು, ಅವಳು ದಾಟಿಸಲಿ ಅಂತ. ಆಗ ಅವಳಿಗೆ ಎಲ್ಲ ತಿಳಿಯಿತು. ಇದರಲ್ಲಿ ಯಾರದೂ ಮೋಸವಿರಲಿಲ್ಲ. ಆ ಮನೆಯಲ್ಲಿ ಆರು ವರ್ಷದಿಂದ ಯಾರಿಗೆ ಏನು ಹೇಳಬೇಕಾದರೂ ಅಕ್ಕನಿಗೆ ಹೇಳಿದರೆ ಸಾಕಾಗಿತ್ತು. ಅಕ್ಕನಿಗೆ ಹೇಳಬೇಕಾದದ್ದನ್ನು ಯಾರು ಹೇಳಬೇಕು ಅಂತ ಯಾರೂ ಗೊತ್ತು ಮಾಡಿರಲಿಲ್ಲ. ಗೊತ್ತಾದದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ತಮ್ಮಯ್ಯನ ಜೊತೆ ಕಿಲೋಮೀಟರು ಲೆಕ್ಕ ಹಾಕಿದ್ದಾರೆ, ಅರುಣನ ಜೊತೆ ಫ್ಯಾನು ಮಾತಾಡಿದ್ದಾರೆ. ಅವಳನ್ನೊಂದು ಮಾತು ಕೇಳಲು ಮೂರು ವಾರದಲ್ಲಿ ಒಬ್ಬರಿಗೂ ಪುರುಸೊತ್ತಾಗಲಿಲ್ಲ.

ಅವಳು ಚೀಲ ತೆಗೆದುಕೊಂಡು ಮೂಟೆಯಿಂದ ಮೂಟೆಗೆ ಕಾಲಿಟ್ಟು ಇಳಿದಳು.

"ಸುತ್ತು ಬ್ಯಾಡ ಕಣಪ್ಪ ತಮ್ಮಯ್ಯ. ನೆಟ್ಟಗೆ ಹಾಸನದ ಮೇಲೆ ಓಗಿ. ನಾನು ಬಸ್ಸಿಗೆ ಓಯ್ತೀನಿ."

"ಅಕ್ಕ, ಒಂಬೈನೂರು ನೋಡ್ತಾ ಇಲ್ಲ ಕಣಕ್ಕ ನಾನು" ಅಂದ ಪುಟ್ಟರಾಜು. ಅವನ ದನಿ ಹನ್ನೆರಡು ವರ್ಷದ ಹುಡುಗನ ದನಿಯ ಹಾಗಿತ್ತು. "ಬುಟ್ಟು ಬತ್ತೀವಿ. ಕೂತ್ಕ."

"ಗೊತ್ತು ಕಣ. ಬಿಸ್ಲಾಯ್ತದೆ, ಒರಡಿ. ಮೊಸರನ್ನ ಮೊದ್ಲು ತಿನ್ನಿ, ಮದ್ಯಾನಕ್ಕಿರ್ಲಿ ಅನ್ಕಂಡು ಇಟ್ಟು ಉಳಿ ಬರಿಸ್ಕಬೇಡಿ."

ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಬುತ್ತಿಯ ಗಂಟಿನಿಂದ ಮೂರನೆಯವರ ಪಾಲಿನ ರೊಟ್ಟಿ ತೆಗೆದುಕೊಳ್ಳಲೇ ಅಂತ ನೋಡಿ, ಬಿಟ್ಟಳು. ಟ್ರ್ಯಾಕ್ಟರು ಹೊರಟಿತು. ರೂಪಶ್ರೀ ಅಳುತ್ತಿದ್ದಳು. ಪುಟ್ಟರಾಜು ಹಿಂದಿನ ಹಲಗೆ ಹಿಡಿದು ನಿಂತೇ ಇದ್ದ. ತಿರುವಿನಲ್ಲಿ ಮಗುಚಿದ ಮಂಚದ ಕಾಲುಗಳು ಮಾತ್ರ ಸ್ವಲ್ಪ ಹೊತ್ತು ಕಂಡವು.

ನಿಲ್ದಾಣದಲ್ಲಿ ಒಂದು ಗಂಟೆ ಕಾದ ಮೇಲೆ ಚನ್ನರಾಯಪಟ್ಟಣದ ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರು ಮಿಷನ್ನು ಹಿಡಿದು ಬಂದ.

"ಎಲ್ಲಿಗಮ್ಮ?"

ಮೂರು ವಾರದಲ್ಲಿ ಅವಳನ್ನು ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ಅವಳು ತಕ್ಷಣ ಉತ್ತರ ಕೊಡಲಿಲ್ಲ. ಅ‌ತ್ತೆಮನೆಯ ಊರು ನೆನಪಾಯಿತು, ಅಲ್ಲಿ ಯಾರೂ ಇಲ್ಲ. ಹಳ್ಳಿಮೈಸೂರಿನ ಬೀಗದ ಕೈ ಮೇಷ್ಟರ ಹತ್ತಿರವಿದೆ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಬಾಯಿಬಿಟ್ಟು ಹೇಳಲು ಅವಳಿಗೆ ಇನ್ನೊಂದು ಊರಿರಲಿಲ್ಲ.

"ಪಟ್ಟಣಕ್ಕೆ" ಅಂದು ಆಧಾರ್ ಕಾರ್ಡು ತೋರಿಸಿದಳು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲ. ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟು ಮುಂದೆ ಹೋದ. ಅಷ್ಟೊಂದು ಲೆಕ್ಕ ಹಾಕಿದ ಪಯಣದಲ್ಲಿ ಅವಳ ಪಾಲಿಗೆ ಬಂದ ಖರ್ಚು ಅಷ್ಟು.

ಊರು ದಾಟಿ ಸ್ವಲ್ಪ ದೂರ ಹೋಗಿರಬಹುದು, ಚೀಲದೊಳಗೆ ಫೋನು ಹೊಡೆದುಕೊಂಡಿತು. ಪುಟ್ಟರಾಜು.

"ಅಕ್ಕ, ಹಾಸನದತ್ರ ಟೀಗೆ ನಿಲ್ಸವ್ರೆ. ಸೀಟು ಸಿಕ್ತಾ?"

"ಸಿಕ್ತು."

"ನನ್ ಬೀಪಿ ಮಾತ್ರೆ ಯಾವ್ ಗಂಟಿನಾಗೆ ಇಟ್ಟವ್ಳೆ ಅಂತ ರೂಪನ್ನ ಕೇಳಕ್ಕ. ತಲೆ ಸುತ್ತಂಗೆ ಆಯ್ತಾ ಐತೆ."

ಶಿವಗಂಗಮ್ಮ ಕಿಟಕಿಯ ಕಂಬಿ ಹಿಡಿದಳು. ಅಭ್ಯಾಸಬಲದಿಂದ ರೂಪ ಅಂತ ಕರೆಯಲು ಬಾಯಿ ತೆರೆದಿದ್ದಳು.

"ಅವ್ಳು ನಿನ್ ಪಕ್ಕದಾಗವ್ಳೆ ಕಣ್ಲಾ ಪುಟ್ಟ" ಅಂದಳು. "ನಾನು ಬಸ್ಸಿನಾಗಿವ್ನಿ. ನೀನೇ ಕೇಳು."

ಆ ಕಡೆ ರಸ್ತೆಯ ಲಾರಿಗಳ ಸದ್ದು ಕೇಳುತ್ತಿತ್ತು. ಆಮೇಲೆ ದೂರದಿಂದ, ಹೊಸಬರ ಮನೆಯ ಬಾಗಿಲು ತಟ್ಟುವವನ ಹಾಗೆ, "ರೂಪ" ಅಂದ.

"ಊಂ."

"ಮಾತ್ರೆ ಎಲ್ಲಿಟ್ಟಿದೀಯ?"

"ಕೆಂಪು ಚೀಲ. ಇರಿ, ನಾನೇ ತಗ್ದುಕೊಡ್ತೀನಿ. ಏನಾರ ತಿಂದ್ರಾ?"

"ಇಲ್ಲ."

"ಕಾಲಿ ಒಟ್ಟೇಲಿ ನುಂಗ್ಬೇಡಿ. ಅಕ್ಕ ಮೊಸರನ್ನ ಮಡಗವ್ರೆ."

ಫೋನು ಇಡುವುದನ್ನು ಅವನು ಮರೆತಿದ್ದ. ಶಿವಗಂಗಮ್ಮ ಕಿವಿಗೆ ಒತ್ತಿಕೊಂಡೇ ಕೂತಳು. ಡಬ್ಬಿ ತೆಗೆದ ಸದ್ದು, ನೀರು ಕುಡಿದ ಸದ್ದು. ಉಪ್ಪು ಸರಿಯಾಗೈತೆ ಅಂದ ಅವನು. ಶೆಡ್ಡಿಗೆ ಬಾಗಿಲು ಎತ್ತ ಕಡೆ ಅಂತ ರೂಪಶ್ರೀ ಕೇಳಿದಳು. ಮೂಡ್ಲಾಗಿ ಅಂದ. ಒಲೆ ಹೊಗೆ ಒಳಗೇ ಸುತ್ತತದೆ, ಕಿಟಕಿ ಬಿಡಿಸಬೇಕಿತ್ತು ಅಂದಳು. ಬಿಡ್ಸಾನ ಅಂದ. ಆರು ವರ್ಷ ಕಟ್ಟಿಟ್ಟಿದ್ದ ಮಾತು ಒಂದರ ಹಿಂದೊಂದು ಸಲೀಸಾಗಿ ಬರುತ್ತಿತ್ತು. ಶಿವಗಂಗಮ್ಮ ದಾಟಿಸಬೇಕಾದದ್ದು ಅದರಲ್ಲಿ ಒಂದೂ ಇರಲಿಲ್ಲ.

ಒಳ್ಳೆಯದಾಯಿತು ಅಂದುಕೊಂಡಳು. ನಿಜವಾಗಿಯೂ ಒಳ್ಳೆಯದೇ. ಆದರೂ, ಎಲ್ಲಾದರೂ ಒಂದು ಕಡೆ ಇಬ್ಬರಲ್ಲಿ ಒಬ್ಬರು ಮೊದಲಿನಂತೆ ಅಕ್ಕಾ ಅಂತ ಕರೆಯುತ್ತಾರೇನೋ ಅಂತ ಮುಂದಿನ ಎರಡು ಊರು ದಾಟುವ ತನಕ ಫೋನು ಹಿಡಿದೇ ಇದ್ದಳು. ಆಮೇಲೆ ಟ್ರ್ಯಾಕ್ಟರು ಶುರುವಾದ ಸದ್ದಿನಲ್ಲಿ ಏನೂ ಕೇಳಿಸದಾಯಿತು. ಕೆಂಪು ಗುಂಡಿ ಒತ್ತಿ, ಫೋನನ್ನು ಸೊನ್ನೆಯ ಚೀಟಿಯ ಜೊತೆ ಚೀಲಕ್ಕೆ ಹಾಕಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.